ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಬ್ಬರ ಜ್ವರ ಇಡೀ ಲೈನಿಗೆ ಹರಡದಂತೆ ತಡೆಯುವುದು ಹೇಗೆ?

ಗೇಟಿನಲ್ಲಿ ತಾಪಮಾನ ಪರೀಕ್ಷಿಸಿ, ಪ್ರತಿ ಲೈನಿಗೂ, ಅಂದರೆ ಹೊಲಿಗೆ ಮಿಷನ್ನುಗಳ ಪ್ರತಿ ಸಾಲಿಗೂ, ಸ್ಯಾನಿಟೈಸರ್ ಇಟ್ಟರೂ ಒಬ್ಬ ಟೈಲರಿಗೆ ಬಂದ ಜ್ವರ ವಾರದೊಳಗೆ ಎಲ್ಲರಿಗೂ ಅಂಟುತ್ತಿದೆ ಎಂದು ತಾವು ಬರೆದಿದ್ದೀರಿ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕಾರ್ಮಿಕ ಕಲ್ಯಾಣದ ಕೆಲಸ ಮಾಡಿದವನಾಗಿ ನನ್ನ ಸಲಹೆಯೆಂದರೆ, ಮೊದಲು ತಮ್ಮಲ್ಲಿನ ಹಾಜರಿ ಬೋನಸ್ಸಿನ ನಿಯಮವನ್ನು ತೆಗೆದು ನೋಡಿ.

ತಿಂಗಳಿಡೀ ಒಂದು ದಿನವೂ ತಪ್ಪಿಸದವರಿಗೆ ಮಾತ್ರ ಬೋನಸ್ ಎಂದಿರುವ ಕಡೆ, 20ನೆಯ ತಾರೀಖಿನವರೆಗೆ ರಜೆ ಹಾಕದ ಹೆಣ್ಣುಮಗಳು 21ರಂದು ಮೈ ಸುಡುತ್ತಿದ್ದರೂ ಪ್ಯಾರಾಸಿಟಮಾಲ್ ನುಂಗಿ ಬಂದೇ ಬರುತ್ತಾಳೆ. ಮಾತ್ರೆಯಿಂದ ತಣ್ಣಗಾದ ಮೈಯಲ್ಲಿ ಗೇಟಿನ ಥರ್ಮಾಮೀಟರಿಗೆ ಏನೂ ಸಿಗುವುದಿಲ್ಲ. ಮೇಲಾಗಿ ಫ್ಲೂ ಲಕ್ಷಣ ಕಾಣಿಸುವ ಹಿಂದಿನ ದಿನದಿಂದಲೇ ಹರಡತೊಡಗಿ, ಆಮೇಲೂ ಸುಮಾರು 5ರಿಂದ 7 ದಿನ ಹರಡುತ್ತಿರುತ್ತದೆ.

ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಇದೆಯಲ್ಲ ಎಂದು ಆಡಳಿತದವರು ಹೇಳಬಹುದು. ಕಾಯಿಲೆ ಭತ್ಯೆಯಾಗಿ ಸರಾಸರಿ ದಿನಗೂಲಿಯ ಶೇ. 70ರಷ್ಟು ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ ಎಂಬುದು ನಿಜ. ಆದರೆ ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ 2 ದಿನಗಳಿಗೆ ಭತ್ಯೆಯಿಲ್ಲ, ಉಳಿದ ದಿನಗಳಿಗೂ ವೈದ್ಯರ ಪ್ರಮಾಣಪತ್ರ ತರಬೇಕು. ಅಂದರೆ 3 ದಿನದ ಜ್ವರಕ್ಕೆ ಒಂದು ಪೂರ್ತಿ ದಿನದ ಕೂಲಿಯೂ ಕೈಸೇರುವುದಿಲ್ಲ. ಆದ್ದರಿಂದ ಆ ಮೊದಲ ಎರಡು ದಿನಗಳ ಕೂಲಿಯನ್ನು ಕಾರ್ಖಾನೆಯೇ ಕೊಟ್ಟು, ಜ್ವರದ ರಜೆಯನ್ನು ಬೋನಸ್ಸಿನ ಲೆಕ್ಕದಿಂದ ಹೊರಗಿಡುವಂತೆ ಆಡಳಿತಕ್ಕೆ ಬರೆದುಕೊಡಿ. ಸುಳ್ಳು ಜ್ವರ ಹೇಳುತ್ತಾರೆಂಬ ಆಕ್ಷೇಪ ಬಂದೇ ಬರುತ್ತದೆ. ಕೆಲವರು ಹೇಳಲೂಬಹುದು, ಆದರೆ ಒಂದೇ ಲೈನಿನಲ್ಲಿ ಹತ್ತು ಮಿಷನ್ ಒಟ್ಟಿಗೆ ಖಾಲಿ ಬಿದ್ದಾಗ ಶಿಪ್‌ಮೆಂಟಿಗೆ ಆಗುವ ಪೆಟ್ಟಿನ ಮುಂದೆ ಆ ಖರ್ಚು ಚಿಕ್ಕದು. ರಜೆ ಹಾಕಿದವರ ಬದಲಿಗೆ ಕೂರಲು ಹೆಚ್ಚುವರಿ ಟೈಲರುಗಳು, ಅಂದರೆ ಫ್ಲೋಟರ್‌ಗಳು ಸಾಕಷ್ಟಿದ್ದರೆ, “ಇವತ್ತೊಂದು ದಿನ ಟಾರ್ಗೆಟ್ ಮುಗಿಸಿಬಿಡಮ್ಮ” ಎಂದು ಸೂಪರ್‌ವೈಸರ್ ಒತ್ತಾಯಿಸುವುದೂ ತಪ್ಪುತ್ತದೆ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಿಟ್ಟಿದ್ದ ಮೇಲೆಯೇ ಕೆಲಸಕ್ಕೆ ಬರಬೇಕು ಎಂಬ ನಿಯಮ ಗೋಡೆಯ ಮೇಲಿರಲಿ. ಕೆಮ್ಮು ಉಳಿದಿದ್ದರೆ ಕೆಲವು ದಿನ ಮಾಸ್ಕ್ ಹಾಕಲಿ.

ಎರಡನೆಯದು ಗಾಳಿ. ಒಂದು ಗೋಡೆಗೆ ನೀರು ಹರಿಯುವ ಕೂಲಿಂಗ್ ಪ್ಯಾಡ್, ಎದುರು ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನುಗಳಿರುವ ಫ್ಲೋರುಗಳಲ್ಲಿ ಹೊರಗಿನ ಗಾಳಿ ಸತತವಾಗಿ ಒಳಬರುತ್ತದೆ, ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಚಳಿಯೆಂದೋ ವಿದ್ಯುತ್ ಉಳಿತಾಯಕ್ಕೆಂದೋ ಫ್ಯಾನುಗಳನ್ನು ನಿಲ್ಲಿಸಿ, ಕಿಟಕಿಗಳನ್ನೂ ಮುಚ್ಚಿಯೇ ಬಿಡುತ್ತಾರೆ. ಫ್ಲೂ ಹೆಚ್ಚುವುದೂ ಆಗಲೇ. ಪ್ಯಾಡಿಗೆ ನೀರು ನಿಲ್ಲಿಸಿದರೂ ಕೆಲವು ಫ್ಯಾನುಗಳಾದರೂ ಓಡುತ್ತಿರಲಿ. ಕಾರ್ಮಿಕರನ್ನು ಕರೆತರುವ ಟೆಂಪೋದ ಕಿಟಕಿಗಳಿಗೂ ಇದೇ ಮಾತು.

ವಾಂತಿಭೇದಿ ತರುವ ಕೆಲವು ವೈರಸ್ಸುಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲವಾದ್ದರಿಂದ ಶೌಚಾಲಯದಲ್ಲಿ ಸೋಪು ಮತ್ತು ನೀರು ಎಂದೂ ಇರಲೇಬೇಕು.

ತಾವು ಕೇಳದಿದ್ದರೂ ಕ್ಷಯದ ವಿಷಯವನ್ನು ಸೇರಿಸುತ್ತೇನೆ. ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಪರೀಕ್ಷೆಯೂ ಚಿಕಿತ್ಸೆಯೂ ಅಲ್ಲಿ ಉಚಿತ. ಇ.ಎಸ್.ಐ.ನಲ್ಲಿ ಕ್ಷಯಕ್ಕೆ ಅರ್ಹರಿಗೆ ಶೇ. 80ರ ದರದಲ್ಲಿ ವಿಸ್ತೃತ ಭತ್ಯೆಯಿದೆ. ರೋಗಿಯ ಹೆಸರು ಫ್ಲೋರಿನಲ್ಲಿ ಹರಡದಂತೆ ನೋಡಿಕೊಳ್ಳಿ, ಕೆಲಸ ಉಳಿಯುತ್ತದೆಂದು ಲಿಖಿತವಾಗಿ ತಿಳಿಸಿ; ಇಲ್ಲವಾದರೆ ಮುಂದಿನವರು ಕೆಮ್ಮನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ.