ನಿಕ್ಕಾತ್ಸುವಿನ ‘ರೋಮನ್ ಪೋರ್ನೊ’ ಚಿತ್ರಗಳಿಗೆ ಇಂದಿಗೂ ಅಭಿಮಾನಿಗಳು ಯಾಕಿದ್ದಾರೆ?

ಜಪಾನಿನ ನಿಕ್ಕಾತ್ಸು ಸ್ಟುಡಿಯೋ 70-80ರ ದಶಕಗಳಲ್ಲಿ ತೆಗೆದ ಈ ವಯಸ್ಕರ ಚಿತ್ರಗಳಲ್ಲಿ ಕತೆ ಬರೀ ನೆಪವಲ್ಲವೇ ಎಂದು ಕೇಳಿದ್ದೀರಿ. ಹಲವು ಚಿತ್ರಗಳಲ್ಲಿ ಹೌದು. ಒಳ್ಳೆಯವುಗಳಲ್ಲಿ ಖಂಡಿತ ಅಲ್ಲ.

1971ರ ಹೊತ್ತಿಗೆ ಟಿವಿಯ ಹೊಡೆತಕ್ಕೆ ನಿಕ್ಕಾತ್ಸು ಸ್ಟುಡಿಯೋ ಮುಳುಗುವ ಸ್ಥಿತಿಯಲ್ಲಿತ್ತು. ತಾರೆಯರು ಹೊರಟುಹೋದರೂ ನುರಿತ ಛಾಯಾಗ್ರಾಹಕರು, ಲೈಟಿನವರು, ಸೆಟ್ ಕಟ್ಟುವವರು, ವರ್ಷಗಟ್ಟಲೆ ಸಹಾಯಕರಾಗಿ ದುಡಿದವರು ಉಳಿದಿದ್ದರು. ಆ ನವೆಂಬರಿನಲ್ಲಿ ಈ ಸರಣಿ ಶುರುವಾಯಿತು. ಸುಮಾರು 75 ಲಕ್ಷ ಯೆನ್ ಬಜೆಟ್, ವಾರ ಹತ್ತು ದಿನದ ಶೂಟಿಂಗ್, 70 ನಿಮಿಷದ ಆಸುಪಾಸಿನ ಅವಧಿ, ಹತ್ತು ನಿಮಿಷಕ್ಕೊಂದು ಶೃಂಗಾರದೃಶ್ಯ. ಇಷ್ಟು ಪಾಲಿಸಿದರೆ ಕತೆ, ಶೈಲಿ ಎಲ್ಲ ನಿರ್ದೇಶಕರಿಗೇ ಬಿಟ್ಟದ್ದು.

ಆ ಹತ್ತು ನಿಮಿಷದ ಕಟ್ಟಳೆಯಲ್ಲೇ ನಿರ್ದೇಶಕರ ಯೋಗ್ಯತೆ ಗೊತ್ತಾಗುತ್ತದೆ. ಕಸುಬು ಗೊತ್ತಿಲ್ಲದವರ ಕೈಯಲ್ಲಿ ಪ್ರತಿ ಸಲ ಕತೆ ನಿಲ್ಲುತ್ತದೆ, ದೃಶ್ಯ ಮುಗಿದ ಮೇಲೆ ಮತ್ತೆ ತಳ್ಳಿ ಹೊರಡಿಸಬೇಕು. ತತ್ಸುಮಿ ಕುಮಾಶಿರೊ, ನೊಬೊರು ತನಾಕ ಅಂಥವರಲ್ಲಿ ಆ ದೃಶ್ಯದೊಳಗೇ ಇಬ್ಬರ ನಡುವಿನ ಲೆಕ್ಕ ಬದಲಾಗುತ್ತದೆ: ಯಾರ ಕೈ ಮೇಲಾಯಿತು, ಯಾರು ಸುಳ್ಳು ಹೇಳಿದರು, ಯಾರು ಒಂಟಿಯಾದರು. ಆ ದೃಶ್ಯ ಕತ್ತರಿಸಿದರೆ ಮುಂದಿನದು ಅರ್ಥವಾಗದು. ಚಿತ್ರವನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಮಾನದಂಡ ಕಂಡಿಲ್ಲ.

ಅಶ್ಲೀಲತೆಯ ಕಾನೂನಿನಿಂದಾಗಿ ಗುಪ್ತಾಂಗ ತೋರಿಸುವಂತಿರಲಿಲ್ಲ. ಹಾಗಾಗಿ ಕ್ಯಾಮೆರಾದ ಮುಂದೆ ಹೂಜಿ, ಪರದೆ, ಕಂಬ ಬಂದು ನಿಂತವು. ಕುಮಾಶಿರೊ ಮಾತ್ರ ಕಪ್ಪು ಪಟ್ಟಿಯನ್ನು ಬೇಕೆಂದೇ ದೊಡ್ಡದಾಗಿ ಹಾಕಿ, ಸೆನ್ಸಾರನ್ನೇ ಪರದೆಯ ಮೇಲೆ ತಂದರು. ಮಾತನ್ನೆಲ್ಲ ಆಮೇಲೆ ಡಬ್ ಮಾಡುತ್ತಿದ್ದುದರಿಂದ ತುಟಿಗೂ ದನಿಗೂ ಕೆಲವೆಡೆ ಹೊಂದುವುದಿಲ್ಲ. ನಿಮ್ಮ ಪ್ರತಿ ಕೆಟ್ಟಿದೆ ಅಂದುಕೊಳ್ಳಬೇಡಿ. 1972ರಲ್ಲಿ ಕೆಲವು ಚಿತ್ರಗಳ ಮೇಲೆ ಪೊಲೀಸರು ಹೂಡಿದ ಕೇಸು 1980ರಲ್ಲಿ ಖುಲಾಸೆಯಾಗುವ ತನಕ ಎಳೆಯಿತು. ಆ ಹೋರಾಟ ವಿಮರ್ಶಕರನ್ನೂ ವಿದ್ಯಾರ್ಥಿಗಳನ್ನೂ ಈ ಚಿತ್ರಗಳ ಪರ ನಿಲ್ಲಿಸಿತು.

ಕಡೆಗೆ ಮನೆಮನೆಗೆ ಬಂದ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಯನ್ನು ಕಿತ್ತುಕೊಂಡಿತು; 1988ರಲ್ಲಿ ಸರಣಿ ನಿಂತಿತು. 2016ರಲ್ಲಿ ಐವರು ನಿರ್ದೇಶಕರು ಅದೇ ಬಗೆಯ ಕಟ್ಟುಪಾಡಿನಲ್ಲಿ ಹೊಸ ಚಿತ್ರಗಳನ್ನು ಮಾಡಿದ್ದಾರೆ.

ಒಂದು ಎಚ್ಚರಿಕೆ. ಅತ್ಯಾಚಾರವನ್ನು ಕೊನೆಗೆ ಸುಖವೆಂಬಂತೆ ತೋರಿಸುವ ಚಿತ್ರಗಳು ಇಲ್ಲಿ ಬಹಳಷ್ಟಿವೆ. ಕಾಲ ಹಾಗಿತ್ತು ಎಂದು ಅದನ್ನು ಒಪ್ಪಲಾಗದು. ಯಾವುದನ್ನೇ ಆರಿಸುವ ಮುನ್ನ ಕಥಾಸಾರ ಓದಿ. ಮೊದಲಿಗೆ ಕುಮಾಶಿರೊ ಚಿತ್ರಗಳು, ಬಳಿಕ ಶಿಂಜಿ ಸೊಮಾಯ್ ಅವರ 1985ರ ‘ಲವ್ ಹೋಟೆಲ್’. ಪೂರ್ತಿ ಅಗಲದ ಪ್ರತಿಯನ್ನೇ ಹುಡುಕಿ: ಟಿವಿಗೆಂದು ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ಮೂಲೆಯಲ್ಲಿ ನಿಂತು ನೋಡುತ್ತಿರುವ ಮೂರನೆಯ ವ್ಯಕ್ತಿಯೇ ಮಾಯವಾಗಿರಬಹುದು.