ಮೂರು ಅಂಗಡಿ, ಒಂದೇ ರೇಟು

ಬ್ರಹ್ಮಾವರದ ಓದುಗರೊಬ್ಬರು ಮನೆ ಕಟ್ಟಿಸುತ್ತಿದ್ದಾರೆ. ಮೂರು ಅಂಗಡಿಗಳಲ್ಲಿ ಮೂರು ಕಂಪನಿಯ ಸಿಮೆಂಟ್ ವಿಚಾರಿಸಿದರಂತೆ. ರೇಟು ಹೆಚ್ಚುಕಮ್ಮಿ ಒಂದೇ. ವಾರ ಕಳೆದು ಒಂದು ಏರಿತು, ಉಳಿದೆರಡೂ ಹಿಂದೆಯೇ ಏರಿದವು. ‘ಇವರೆಲ್ಲ ಒಳಗೊಳಗೆ ಮಾತಾಡಿಕೊಂಡಿದ್ದಾರೆ ಅಲ್ವಾ? ಇಳಿಯುವ ತನಕ ಕಾಯಲಾ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾತಾಡಿಕೊಂಡಿರಲೂಬಹುದು. ಆದರೆ ಮಾತಾಡಲೇಬೇಕು ಅಂತೇನಿಲ್ಲ. ಮಾತಾಡದೆಯೂ ರೇಟು ಒಂದಾಗುತ್ತದಲ್ಲ, ನನಗೆ ಜಾಸ್ತಿ ತಲೆಬಿಸಿ ಇರುವುದು ಅದರದ್ದೇ.

ಮಲ್ಪೆ ಬೀಚಿನಲ್ಲಿ ಎರಡೇ ಬೊಂಡದ (ಎಳನೀರಿನ) ಗಾಡಿ ಇವೆ ಅಂದುಕೊಳ್ಳಿ, ಎದುರುಬದುರು. ಒಬ್ಬ ಐದು ರೂಪಾಯಿ ಇಳಿಸಿದರೆ ಅರ್ಧ ಗಂಟೆಯೊಳಗೆ ಇನ್ನೊಬ್ಬನೂ ಇಳಿಸುತ್ತಾನೆ. ಗಿರಾಕಿ ಹೆಚ್ಚಲಿಲ್ಲ, ಇಬ್ಬರ ಕಿಸೆಯೂ ಹಗುರವಾಯಿತು. ಇದು ಇಬ್ಬರಿಗೂ ಗೊತ್ತು. ಹಾಗಾಗಿ ಇಬ್ಬರೂ ಇಳಿಸುವುದಿಲ್ಲ, ಅವರು ಮಾತು ಬಿಟ್ಟ ದಾಯಾದಿಗಳೇ ಆಗಿದ್ದರೂ! ಗಾಡಿ ಇಪ್ಪತ್ತಾದರೆ ಕಥೆ ಬೇರೆ. ಎಲ್ಲರ ಮೇಲೂ ಕಣ್ಣಿಡಲು ಆಗುವುದಿಲ್ಲ. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಯಾರಾದರೊಬ್ಬ ಇಳಿಸಿಯೇ ಇಳಿಸುತ್ತಾನೆ.

ಸಿಮೆಂಟಿನಲ್ಲಿ ಇದು ಇನ್ನೂ ಸುಲಭ. ಒಂದೇ ಗ್ರೇಡಿನ ಚೀಲಗಳಲ್ಲಿ ಅಂಥ ವ್ಯತ್ಯಾಸವಿಲ್ಲ. ಕಾರ್ಖಾನೆ ಹಾಕಲು ಭಾರೀ ಬಂಡವಾಳ ಬೇಕು, ಸುಣ್ಣಕಲ್ಲಿನ ಗಣಿ ಬೇಕು. ಅದಿರುವುದು ಕಲಬುರಗಿ ಕಡೆ, ನಮ್ಮಲ್ಲಿರುವುದು ಕೆಂಪುಕಲ್ಲು. ನಾಳೆ ಹೊಸಬನೊಬ್ಬ ಬಂದು ಅಗ್ಗಕ್ಕೆ ಮಾರಿಯಾನು ಎಂಬ ಹೆದರಿಕೆ ಹಳಬರಿಗಿಲ್ಲ.

ಹಾಗಂತ ಅವರೆಲ್ಲ ಸಾಚಾ ಎಂದಲ್ಲ. ಕಂಪನಿಗಳ ಒಳಒಪ್ಪಂದಗಳ ಮೇಲೆ ಕಣ್ಣಿಡುವ ಸ್ಪರ್ಧಾ ಆಯೋಗ 2012ರಲ್ಲಿ 11 ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬೆಲೆ ಒಟ್ಟಿಗೆ ಏರಿದ್ದನ್ನಷ್ಟೇ ನೋಡಲಿಲ್ಲ. ಉತ್ಪಾದಕರ ಸಂಘದ ಸಭೆಗಳನ್ನೂ ಲೆಕ್ಕಕ್ಕೆ ಹಿಡಿಯಿತು. 2015ರಲ್ಲಿ ಆ ಆದೇಶ ರದ್ದಾಯಿತು, ವಾದ ಕೇಳದ ಅಧ್ಯಕ್ಷರು ಸಹಿ ಹಾಕಿದ್ದಾರೆ ಅಂತ! 2016ರಲ್ಲಿ ಮತ್ತೆ ದಂಡ. 2018ರಲ್ಲಿ ಮೇಲ್ಮನವಿಯಲ್ಲೂ ಅದು ಉಳಿಯಿತು. ಆಮೇಲೆ ಸುಪ್ರೀಂ ಕೋರ್ಟ್. ಅಷ್ಟರಲ್ಲಿ ಎಷ್ಟೋ ಜನರ ಮನೆ ಒಕ್ಕಲಾಗಿ ಗೋಡೆಯ ಬಣ್ಣವೂ ಮಾಸಿತು.

ಕಾನೂನು ಹಿಡಿಯುವುದು ಒಪ್ಪಂದವನ್ನು. ಒಬ್ಬ ಏರಿಸಿದ್ದನ್ನು ಪೇಪರಿನಲ್ಲಿ ಓದಿ ಇನ್ನೊಬ್ಬ ತಾನಾಗಿ ಏರಿಸಿದರೆ ಅಷ್ಟಕ್ಕೇ ತಪ್ಪಾಗುವುದಿಲ್ಲ. 2024ರ ಜೂನ್ 27ರಂದು ಜಿಯೋ ರೀಚಾರ್ಜ್ ದರ ಏರಿಸುವುದಾಗಿ ಹೇಳಿತು. ಮರುದಿನವೇ ಏರ್‌ಟೆಲ್, ವೊಡಾಫೋನ್ ಐಡಿಯಾ ಕೂಡ ಹೇಳಿದವು. ಯಾರೂ ಗುಟ್ಟಾಗಿ ಸೇರಬೇಕಾಗಿಲ್ಲ ನೋಡಿ.

ಕೊಳ್ಳುವವರು ಹೇಳಿದ್ದೇ ರೇಟು ಎಂದಾದಾಗ ನಮ್ಮ ಅಡಿಕೆ ಬೆಳೆಗಾರರು ಸುಮ್ನೆ ಕೂರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಘ ಕಟ್ಟಿ, ಕೊಳ್ಳುವವರ ಸಾಲಿನಲ್ಲಿ ತಮ್ಮದೇ ಒಬ್ಬನನ್ನು ನಿಲ್ಲಿಸಿದರು. ಆದರೆ ಅಡಿಕೆ ವರ್ಷವರ್ಷವೂ ಮಾರಬೇಕು. ಮನೆ ಕಟ್ಟುವವನು ಸಿಮೆಂಟ್ ಕೊಳ್ಳುವುದು ಹೆಚ್ಚಾಗಿ ಒಂದೇ ಸಲ. ಸಂಘ ಕಟ್ಟುವ ಹೊತ್ತಿಗೆ ಸ್ಲ್ಯಾಬ್ ಹಾಕಿ ಆಗಿರುತ್ತದೆ.

ಇನ್ನು ಕಾಯುವ ವಿಚಾರ. ಮಳೆಗಾಲದಲ್ಲಿ ಕೆಲಸ ಕಡಿಮೆ, ರೇಟು ಸ್ವಲ್ಪ ಸಡಿಲವಾಗುವುದುಂಟು. ಆದರೆ ಆಗ ತಂದು ರಾಶಿ ಹಾಕಬೇಡಿ. ನಮ್ಮ ಜುಲೈ ತಿಂಗಳ ಥಂಡಿಗೆ ಸಿಮೆಂಟ್ ಚೀಲದಲ್ಲೇ ಕಲ್ಲಾಗುತ್ತದೆ. ಇಡೀ ಮನೆಗೆ ಎಷ್ಟು ಚೀಲ ಬೇಕೆಂದು ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಒಟ್ಟಿಗೆ ರೇಟು ಮಾತಾಡಿ, ಬೇಕಾದಾಗ ತರಿಸಿ. ಕಂಪನಿ ಬಗ್ಗದಿದ್ದರೂ ಅಂಗಡಿಯವರು ತಮ್ಮ ಪಾಲಿನಲ್ಲಿ ಒಂದಿಷ್ಟು ಬಿಟ್ಟಾರು. ಕಂಪನಿಗಳು ಕೆಲವೇ ಇರಬಹುದು, ಅಂಗಡಿಗಳು ಬ್ರಹ್ಮಾವರದಿಂದ ಉಡುಪಿಯವರೆಗೆ ಸುಮಾರಿವೆ.