ಲಸಿಕೆ ಹಾಕಿದೊಡನೆ ಸೀನಿದರೆ?

ಮೂಗಿನ ಫ್ಲೂ ಲಸಿಕೆ ಹಾಕಿದ ಕೂಡಲೇ ಮಗಳು ಸೀನಿದಳು, ಡೋಸ್ ವ್ಯರ್ಥವಾಯಿತೇ ಎಂದು ಕೇಳಿದ್ದೀರಿ. ಇಲ್ಲ, ಮತ್ತೆ ಹಾಕಿಸಬೇಕಿಲ್ಲ. ಒಟ್ಟು ಡೋಸೇ 0.2 ಮಿ.ಲೀ., ಒಂದೊಂದು ಹೊಳ್ಳೆಗೆ 0.1, ಅಷ್ಟರಲ್ಲೇ ಬೇಕಾದಷ್ಟು ವೈರಸ್ ಇರುತ್ತದೆ. ಜೋರಾಗಿ ಉಸಿರೆಳೆದುಕೊಳ್ಳುವ ಅಗತ್ಯವೂ ಇಲ್ಲ.

ಅದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್. 25 ಡಿಗ್ರಿ ಸೆಲ್ಸಿಯಸ್‌ನ ತಂಪಿಗೆ ಒಗ್ಗಿಸಿರುವುದರಿಂದ ಮೂಗಿನೊಳಗೆ ಬೆಳೆಯುತ್ತದೆ, ಶ್ವಾಸಕೋಶದ ಬಿಸಿಯಲ್ಲಿ ಸೊರಗುತ್ತದೆ. ಹಾಗೆ ಬೆಳೆದಾಗಲೇ ಲೋಳೆಪೊರೆಯಲ್ಲಿ ಐಜಿಎ ಎಂಬ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನ್, ಹುಟ್ಟುವುದು. ಕೆಲವು ದಿನ ಮೂಗು ಸೋರಿದರೆ ಗಾಬರಿ ಬೇಡ.

ಸೀನಿಗಿಂತ ಯೋಚಿಸಬೇಕಾದದ್ದು ಫ್ಲೂ ವೈರಸ್ ಬೆಳೆಯದಂತೆ ತಡೆಯುವ ಔಷಧಿ ಒಸೆಲ್ಟಾಮಿವಿರ್ ಬಗ್ಗೆ. ಲಸಿಕೆಗೆ ಮುಂಚಿನ 48 ಗಂಟೆಗಳಲ್ಲೋ ನಂತರದ 2 ವಾರಗಳಲ್ಲೋ ಅದನ್ನು ಕೊಟ್ಟರೆ ಲಸಿಕೆಯ ವೈರಸ್ಸೂ ಬೆಳೆಯದೆ ಹೋಗಬಹುದು. ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಆಗ ಮತ್ತೊಂದು ಡೋಸ್ ಬೇಕಾಗುತ್ತದೆ.